ನೆಗಡಿಗೆ ಹೆದರುವ ಗುಮಾಸ್ತ
ಅಗಲ ಕಡಿಮೆ, ನೇಯ್ಗೆ ಬಿಗಿ, ಬಣ್ಣ ಮಾತ್ರ ಬೇಗ ಬಿಡುವ ಮಾಲು ಎಂದು ಬಟ್ಟೆ ಅಂಗಡಿಯ ಸಾಹುಕಾರರು ಗುಮಾಸ್ತನನ್ನು ಮೊದಲ ದಿನವೇ ಅಳೆದಿದ್ದರು. ಯಾರಾದರೂ ಸೀನಿದರೆ ಸಾಕು, ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಕಿಟಕಿ ತೆರೆಯುವನು, ಬಾಗಿಲ ಹಿಡಿಕೆ ಒರೆಸುವನು, ಬೆರಳಿಗೆ ಎಂಜಲು ಹಚ್ಚಿ ರಸೀದಿ ಹರಿಯುವವರ ಮುಂದೆ ಒದ್ದೆ ಸ್ಪಂಜು ತಳ್ಳುವನು. "ಬರೀ ನೆಗಡಿಗೆ ಇಷ್ಟೊಂದು ರಂಪ ಯಾಕಯ್ಯಾ?" ಎಂದು ಸಾಹುಕಾರರು ರೇಗಿಸಿದರೆ, "ಇದೂ ಕೊರೊನಾ ವಂಶದ್ದೇ ಇರ್ಬಹುದು, ಸಾಹುಕಾರ್ರೇ. ಪೇಪರ್‌ನಲ್ಲಿ ಹೆಸರು ಬಂದಿದ್ದು ಒಬ್ಬಂದು. ಅವನ ದಾಯಾದಿಗಳು ವರ್ಷಾ ವರ್ಷ ಸದ್ದಿಲ್ದೆ ಬಂದು ಹೋಗ್ತಾರೆ," ಎನ್ನುವನು. ಮೊನ್ನೆ, ತಿಂಗಳು ತುಂಬದೆ ಹುಟ್ಟಿದ ಮೊಮ್ಮಗಳನ್ನು ಸಾಹುಕಾರರ ಮಗಳು ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಕರೆತಂದಳು. ಮೂಗು ಸೋರುತ್ತಿದ್ದ ಸಾಹುಕಾರರು ಮುದ್ದಿಡಲು ಬಗ್ಗಿದರು. ಗುಮಾಸ್ತ ಅಳತೆಕೋಲನ್ನು ಅಡ್ಡ ಹಿಡಿದ. "ಬೇಕಾದ್ರೆ ಕೆಲಸದಿಂದ ತೆಗೀರಿ, ಕೂಸನ್ನ ಮುಟ್ಬೇಡಿ. ನಾನೂ ಹೀಗೇ ನೆಗಡೀಲಿ ನನ್ನ ಕೂಸನ್ನ ಎತ್ಕೊಂಡಿದ್ದೆ. ವಾರ ಕಳೆಯೋದ್ರೊಳಗೆ ಎತ್ಕೊಳ್ಳೋಕೆ ಅದೇ ಇರ್ಲಿಲ್ಲ." ಸಾಹುಕಾರರು ಹಿಂದೆ ಸರಿದರು. ಅವರ ನೆಗಡಿ ಅವರಲ್ಲೇ ಮುಗಿಯಿತು, ಮೊಮ್ಮಗಳನ್ನು ತಾಕಲಿಲ್ಲ. ಅವಳ ಉಸಿರಿಗೆ ಸಾಹುಕಾರರು ಈ ಗುಮಾಸ್ತನಿಗೆ ಋಣಿ.