ಬೇರೆಯಾಗದ ಒಂದು ಜೊತೆ

ನಮ್ಮ ವಿಜ್ಞಾನದ ಮೇಷ್ಟ್ರ ಬಲಗೈಯಲ್ಲಿ ಎರಡು ಹೆಬ್ಬೆರಳಿದ್ದವು. ಒಂದರ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು, ಪುಟ್ಟ ಉಗುರೂ ಸೇರಿ. ಹಾರನಹಳ್ಳಿಯ ಹೈಸ್ಕೂಲಿಗೆ ಬಂದ ಮೊದಲ ದಿನವೇ ಕೈ ಎತ್ತಿ ಹಿಡಿದು, "ಎಲ್ರೂ ಚೆನ್ನಾಗಿ ನೋಡ್ಕೊಂಬುಡಿ. ಆಮೇಲೆ ಪಾಠದ ಕಡೆ ನೋಡಿ" ಎಂದಿದ್ದರು. ಯಾರಿಗೂ ಹೊಡೆದವರಲ್ಲ. ತಪ್ಪು ಉತ್ತರ ಹೇಳಿದರೆ "ಹತ್ರ ಬಂದೆ, ಇನ್ನೊಸಿ ಮುಂದ್ ಬಾ" ಎನ್ನುವರು.

ಹತ್ತನೇ ತರಗತಿಯಲ್ಲಿ ವರ್ಣತಂತುಗಳ, ಅಂದರೆ ಕ್ರೋಮೋಸೋಮುಗಳ ಪಾಠ. ಕೋಣೆಯ ಹೊರಗೆ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ಒಳಗೆ ತರಿಸಿ ಇಪ್ಪತ್ತಮೂರು ಜೊತೆ ಸಾಲಾಗಿ ಇಡಿಸಿದರು. ಒಟ್ಟು ನಲವತ್ತಾರು. ನಮ್ಮ ಮೈಯ ಜೀವಕೋಶದಲ್ಲಿ ಇರುವುದು ಇಷ್ಟು. ಆಮೇಲೆ ಪ್ರತಿ ಜೊತೆಯಲ್ಲೂ ಒಂದನ್ನು ಅತ್ತ, ಒಂದನ್ನು ಇತ್ತ ಸರಿಸಿದರು.

"ಅಂಡಾಣು, ವೀರ್ಯಾಣುಗೆ ಹೋಗೋದು ಅರ್ಧ. ಅವ್ವಂದು ಇಪ್ಪತ್ಮೂರು, ಅಪ್ಪಂದು ಇಪ್ಪತ್ಮೂರು, ಸೇರಿದ್ರೆ ತಿರ್ಗಾ ನಲವತ್ತಾರು."

"ಸಾ, ಒಂದು ಜೊತೆ ಬೇರೆ ಆಗ್ದೆ ಒಂದೇ ಕಡೆ ಹೋಗ್ಬುಟ್ರೆ?" ಎಂದು ನಾನು ಕೇಳಿದೆ.

"ಆಗ ಮಗೀಗೆ ನಲವತ್ತೇಳು ಆಯ್ತದೆ. ಯಾಕವ್ವ ಕೇಳ್ದೆ?"

ನನ್ನ ತಂಗಿಯ ವಿಷಯ ಹೇಳಿದೆ. ಅವಳಿಗೆ ನಡಿಗೆ, ಮಾತು ಎರಡೂ ತಡವಾಗಿ ಬಂದಿದ್ದವು. ಮೈಸೂರಿನಲ್ಲಿ ಡಾಕ್ಟರು "ಒಂದು ಕ್ರೋಮೋಸೋಮ್ ಹೆಚ್ಚಿದೆ" ಎಂದಷ್ಟೇ ಹೇಳಿ ಕಳಿಸಿದ್ದರು. ಮನೆಯಲ್ಲಿ ಅಜ್ಜಿಯ ತೀರ್ಪು ಬೇರೆ: ಬಸುರಿಯಾಗಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಹೊರಗೆ ಹೋಗಿದ್ದಳು, ಅದಕ್ಕೇ ಹೀಗಾಯಿತು. ಅವ್ವ ತಂಗಿಯನ್ನು ಕರೆದುಕೊಂಡು ಯಾರ ಮನೆಗೂ ಹೋಗುತ್ತಿರಲಿಲ್ಲ. ಕರೆಯುವವರೂ ಇರಲಿಲ್ಲ.

ಆ ಭಾನುವಾರ ಮೇಷ್ಟ್ರು ನಮ್ಮ ಮನೆಗೇ ಬಂದರು. ಜಗಲಿಯ ಮೇಲೆ ಕೂತು, ಅಜ್ಜಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಗ್ರಹಣ ಯಾವಾಗ ಬಂತಜ್ಜಿ?"

"ಐದು ತಿಂಗ್ಳು ತುಂಬಿತ್ತು ಕಣಪ್ಪ ಇವ್ಳಿಗೆ."

"ಈ ಮಗು ಹೊಟ್ಟೇಲಿ ನಿಂತ ಗಳಿಗೇಲೇ ಇಂಗಿತ್ತು. ಐದು ತಿಂಗ್ಳಾದ್ಮೇಲೆ ಬಂದ ಗ್ರಹಣ ಏನ್ ಮಾಡೀತು?"

ಮೇಷ್ಟ್ರು ಬಲಗೈ ಮುಂದೆ ಚಾಚಿದರು. "ನಮ್ಮವ್ವನ್ನೂ ಇಂಗೇ ಅಂದ್ರು. ಗ್ರಹಣದಲ್ಲಿ ಸೊಪ್ಪು ಕುಯ್ದೆ, ಅದ್ಕೇ ಮಗನ ಕೈ ಇಂಗಾಯ್ತು ಅಂತ. ಅದ್ನೇ ನಂಬ್ಕೊಂಡು ಸತ್ಲು. ನಾನು ಓದಿ ತಿಳ್ಕೊಳೋ ಹೊತ್ಗೆ, ಹೇಳಾನ ಅಂದ್ರೆ ಅವ್ಳೇ ಇರ್ಲಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಅವ್ವ ಈಚೆಗೆ ಬಂದಳು. "ಅಂಗಾರೆ ನಾನೇನೂ ಮಾಡ್ಲಿಲ್ವಾ ಸಾ?"

"ಏನೂ ಮಾಡ್ಲಿಲ್ಲ ಕಣವ್ವ. ಯಾರೂ ಏನೂ ಮಾಡ್ಲಿಲ್ಲ."

ಅವ್ವ ಅಲ್ಲೇ ಕೂತು ಅತ್ತಳು. ಅಜ್ಜಿ ಒಪ್ಪಿದಂತೆ ಕಾಣಲಿಲ್ಲ, ಎದ್ದು ಹಿತ್ತಲಿಗೆ ಹೋದಳು. ಆದರೆ ಸಾಯುವ ತನಕ ಆ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾರ ಅವ್ವ ತಂಗಿಗೆ ಜಡೆ ಹಾಕಿ, ಹೂ ಮುಡಿಸಿ, ಸಂತೆಗೆ ಕರೆದುಕೊಂಡು ಹೋದಳು.

ಹೋದ ವರ್ಷ ಮೇಷ್ಟ್ರು ತಮ್ಮ ಊರಾದ ಹೊಸ ಅಗ್ರಹಾರದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಅವ್ವ ತಂಗಿಯ ಕೈ ಹಿಡಿದುಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ತಂಗಿ ಮೇಷ್ಟ್ರ ಪಾದದ ಬಳಿ ಹೂವಿಟ್ಟಳು. ಮನೆಯವರಲ್ಲಿ ಒಬ್ಬರು ಹತ್ತಿರ ಬಂದು, "ನೀವು ಅವ್ರಿಗೆ ಏನಾಗ್ಬೇಕವ್ವ?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಕಣಪ್ಪ" ಎಂದಳು ಅವ್ವ. "ಒಂದಿನ ನಮ್ಮನೆಗೆ ಬಂದಿದ್ರು."