ಮಾಗುಮೇಡೆ ಹುಡುಕಿದ ಕೈಮದ್ದು

ನಮ್ಮ ಗುಡ್ಡದಲ್ಲಿ ಮಾಗುಮೇಡೆಯಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ. ಅಂಗಡಿಯಿಂದ ತಂದ ಸಕ್ಕರೆಯನ್ನೂ ಮೂಸಿ ನೋಡುವಳು. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಇವಳು ಒಂದು ಕಣ್ಣು ತೆರೆದಿಟ್ಟುಕೊಂಡು ಉಳಿದವರನ್ನು ಕಾಯುವಳು. ಅದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಮುಳ್ಳುಬೇಲಿ, ಅಷ್ಟೆ.

ಅವಳ ಜೋಳದ ಬಿಯರಿಗೆ ಮಾತ್ರ ದೊಡ್ಡ ಹೆಸರು. ಮದುವೆಯಿರಲಿ, ಸಾವಿರಲಿ, ಮಡಕೆ ಅವಳ ಮನೆಯಿಂದಲೇ ಹೋಗಬೇಕು. ನಮ್ಮಲ್ಲಿ ಬಿಯರು ಮಾಡಿದವಳು ಎಲ್ಲರೆದುರು ಮೊದಲು ತಾನು ಕುಡಿದು ತೋರಿಸಬೇಕು. ಆಮೇಲೆ ಮಡಕೆ ಮುಂದಕ್ಕೆ ಹೋಗುತ್ತದೆ. ಬೇರೆ ಹೆಂಗಸರು ಶಾಸ್ತ್ರಕ್ಕೆ ತುಟಿ ಒದ್ದೆ ಮಾಡಿಕೊಳ್ಳುತ್ತಾರೆ. ಮಾಗುಮೇಡೆ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, "ನೋಡಿದ್ರಲ್ಲ, ಸತ್ತಿಲ್ಲ. ಇನ್ನು ಕುಡೀರಿ" ಅನ್ನುವಳು.

ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ನೆಲಿಸೀವೆ. ಡರ್ಬನ್ನಿನಲ್ಲಿ ಮನೆಗೆಲಸಕ್ಕಿದ್ದವಳು ಆ ವರ್ಷ ಕೆಲಸ ಹೋಗಿ ಊರಿಗೆ ಬಂದಳು. ಟ್ಯಾಕ್ಸಿ ಇಳಿದಾಗ ಮಳೆ. ದಾರಿಯಲ್ಲಿ ಮೊದಲು ಸಿಗುವುದು ನನ್ನ ಮನೆ. ಒಳಗೆ ಕರೆದು ಕುಂಬಳಕಾಯಿ ಬೇಯಿಸಿ ಹಿಟ್ಟು ಕಲಸಿದ್ದನ್ನು ಕೊಟ್ಟೆ, ಎರಡು ಬಟ್ಟಲು ತಿಂದಳು. ಆಗ ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು. ಮುಂದಿನ ಚಳಿಗಾಲದ ಹೊತ್ತಿಗೆ ಅವಳ ಕೊರಳೆಲುಬು ಎದ್ದು ಕಾಣುತ್ತಿತ್ತು. ಕೆಮ್ಮು, ಭೇದಿ, ಜ್ವರ. ತಾಯಿ ಅವಳನ್ನು ಹಿತ್ತಲ ಗುಡಿಸಲಿಗೆ ಸೇರಿಸಿ ಬಾಗಿಲು ಹಾಕಿದಳು. ತನ್ನ ಕೈಯಿಂದಲ್ಲದೆ ಒಂದು ಲೋಟ ನೀರೂ ಒಳಗೆ ಹೋಗಲು ಬಿಡಲಿಲ್ಲ.

ಕಾರಣ ಹುಡುಕಲು ಮಾಗುಮೇಡೆ ದೂರ ಹೋಗಲಿಲ್ಲ. "ಮಾಬಿಯೇಲ ಕುಂಬಳಕಾಯೀಲಿ ನನ್ನ ಮಗಳಿಗೆ ಕೈಮದ್ದು ಹಾಕಿದಾಳೆ" ಎಂದು ನಲ್ಲಿಯ ಹತ್ತಿರ, ಚರ್ಚಿನ ಮೆಟ್ಟಿಲ ಮೇಲೆ, ಕಂಡಕಂಡಲ್ಲಿ ಹೇಳಿದಳು. ಮಾಬಿಯೇಲ ಅಂದರೆ ನಾನೇ.

ನಮ್ಮ ಕಡೆ ಇಂಥ ಮಾತು ಆಡಿ ಮರೆಯುವಂಥದ್ದಲ್ಲ. ನದಿಯಾಚೆಯ ಒಬ್ಬ ಮುದುಕಿಯ ಮನೆಗೆ ಇದೇ ಮಾತಿನ ಮೇಲೆ ಬೆಂಕಿ ಇಟ್ಟಿದ್ದರು. ನಾನು ನಲ್ಲಿಗೆ ಹೋದರೆ ಹೆಂಗಸರು ಬಕೆಟ್ಟಿನ ಮೇಲೆ ಹೊದ್ದ ಶಾಲು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ನೆಲಿಸೀವೆ ಸತ್ತರೆ ನನ್ನ ಕಥೆಯೂ ಮುಗಿದಂತೆ. ಆ ಹುಡುಗಿ ಬದುಕಲಿ ಎಂದು ಅವಳ ತಾಯಿಯಷ್ಟೇ ನಾನೂ ಬೇಡಿಕೊಂಡಿದ್ದೇನೆ.

ಹೀಗಿರುವಾಗ ಎಚ್‌ಐವಿ ಸಂಶೋಧನಾ ಸಂಸ್ಥೆಯ ಡುಡು ಬಂದಳು. ಆ ಸಂಸ್ಥೆಯವರು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಯಾರಿದ್ದಾರೆ, ಯಾರು ಸತ್ತರು ಎಂದು ಕೇಳಿ, ಒಪ್ಪಿದವರ ಬೆರಳು ಚುಚ್ಚಿ ರಕ್ತ ನೋಡುತ್ತಾರೆ. ಅವರ ಜೀಪು ಯಾರ ಮನೆ ಮುಂದೆ ನಿಂತರೂ ಆ ಮನೆಗೆ ರೋಗ ಬಂತೆಂದು ಊರು ಮಾತಾಡುತ್ತದೆ. ಅದಕ್ಕೇ ಡುಡು ಜೀಪನ್ನು ಶಾಲೆಯ ಹತ್ತಿರ ಬಿಟ್ಟು ನಡೆದು ಬರುವಳು. ಪಕ್ಕದ ಗುಡ್ಡದವಳು, ದುಂಡಗಿನ ಹೆಂಗಸು, ಏರು ಹತ್ತುವಾಗ ಏದುಸಿರು ಬಿಡುವಳು.

ಅಂದು ಶನಿವಾರ. ಮಾಗುಮೇಡೆಯ ಅಂಗಳದಲ್ಲಿ ಗಂಡಸರು ಮಡಕೆಯ ಸುತ್ತ ಕೂತಿದ್ದರು. ನಾನು ಬೇಲಿಯ ಈಚೆ ಕಳೆ ಕೀಳುತ್ತಿದ್ದೆ. ಕೀಳಲು ಕಳೆ ಇರಲಿಲ್ಲ, ಆ ಮಾತು ಬೇರೆ.

"ಬಂದ್ಳು ನೋಡ್ರಪ್ಪ ರಕ್ತದ ದಲ್ಲಾಳಿ" ಅಂದಳು ಮಾಗುಮೇಡೆ. "ನಮ್ಮ ರಕ್ತ ಎಲ್ಲಿಗೆ ಮಾರ್ತೀರಿ ಹೇಳು."

"ಮಾರೋದೇನು ಬಂತಮ್ಮ, ಒಂದೇ ಒಂದು ಹನಿ. ಇಲ್ಲೇ ನಿಮ್ಮ ಕಣ್ಣೆದುರಿಗೇ ನೋಡ್ತೀವಿ" ಅಂದಳು ಡುಡು.

"ಒಂದೇ ಹನಿ ಅಂತಾನೇ ಎಲ್ಲಾರೂ ಶುರು ಮಾಡೋದು. ಈ ಅಂಗಳದಲ್ಲಿ ತಂದೋರು ಮೊದ್ಲು ತಾವು ರುಚಿ ನೋಡ್ಬೇಕು. ಆ ಸೂಜಿ ಮೊದ್ಲು ನಿಂಗೆ ಚುಚ್ಕೋ."

ಗಂಡಸರು ಹೋ ಎಂದು ನಕ್ಕರು. ಡುಡು ನಗಲಿಲ್ಲ. "ನಮಗೆ ಹಾಗೆ ಮಾಡೋಕೆ ಹೇಳಿಲ್ಲ ಅಮ್ಮ" ಅಂದಳು.

"ನೋಡಿದ್ರಾ! ಅವ್ರ ಅಡುಗೆ ಅವ್ರೇ ತಿನ್ನಲ್ಲ!"

ಅಷ್ಟರಲ್ಲಿ ಹಿತ್ತಲ ಗುಡಿಸಲಿನಿಂದ ಕೆಮ್ಮು ಕೇಳಿಸಿತು, ಬಹಳ ಹೊತ್ತು ನಿಲ್ಲಲೇ ಇಲ್ಲ. ಡುಡು ಮುಚ್ಚಿದ ಆ ಬಾಗಿಲನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಕೂತು, ತನ್ನ ಬೆರಳು ಚುಚ್ಚಿಕೊಂಡು, ಹನಿಯನ್ನು ಪರೀಕ್ಷೆಯ ಪಟ್ಟಿಯ ಮೇಲಿಟ್ಟಳು. "ಒಂದು ಗೆರೆ ಬಂದ್ರೆ ರೋಗ ಇಲ್ಲ, ಎರಡು ಬಂದ್ರೆ ಇದೆ" ಅಂದಳು. ಎಲ್ಲರೂ ಕತ್ತು ಚಾಚಿ ಕಾದರು.

ಎರಡು ಗೆರೆ ಮೂಡಿದವು.

ಅವಳ ಪಕ್ಕದಲ್ಲಿದ್ದವನು ಮೆಲ್ಲಗೆ ಸರಿದು ಕೂತ. ಡುಡು ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಿದ್ದಳು. "ಬಹಳ ವರ್ಷ ಆಯ್ತು. ದಿನಾ ಮಾತ್ರೆ ತಗೋತೀನಿ, ಆರಾಮಾಗಿದೀನಿ" ಅಂದಳು.

ಮಾಗುಮೇಡೆ ನಂಬಿದಳೇ? ಇಲ್ಲ. "ಸುಳ್ಳಿ! ಈ ರೋಗದಲ್ಲಿ ಸತ್ತೋರಿಗೆ ನಾನೇ ಸ್ನಾನ ಮಾಡ್ಸಿದೀನಿ, ಎಲುಬು ಬಿಟ್ರೆ ಏನೂ ಇರ್ತಿರ್ಲಿಲ್ಲ. ನಿನ್ನ ಕೆನ್ನೆ ನೋಡ್ಕೋ! ಎಲ್ಲಿ, ಯಾವ ಮಾತ್ರೆ, ತೋರ್ಸು."

ಡುಡು ಚೀಲದಿಂದ ಡಬ್ಬಿ ತೆಗೆದು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು. ಮಾಗುಮೇಡೆ ಬಗ್ಗಿದಳು. ಅದನ್ನು ಎತ್ತಿಕೊಂಡು ಈ ಕಡೆ ಆ ಕಡೆ ತಿರುಗಿಸಿದಳು. ಅವಳ ಮುಖದ ಕಳೆ ಇಳಿದುಹೋದದ್ದು ಬೇಲಿಯ ಈಚೆಗೂ ಕಂಡಿತು.

"ಎಲ್ರೂ ಮನೆಗೆ ಹೋಗಿ" ಅಂದಳು.

"ಮಡಕೆ ಇನ್ನೂ ಅರ್ಧ ಇದೆಯಲ್ಲೇ" ಅಂದ ಒಬ್ಬ ಮುದುಕ.

"ಎತ್ಕೊಂಡು ಹೋಗು. ಹೋಗ್ರಿ!"

ಡುಡುವಿನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ತಾನೇ ಆ ಬಾಗಿಲು ತೆರೆದಳು. ಮುಂದಿನದ್ದನ್ನು ನೆಲಿಸೀವೆಯೇ ಎಷ್ಟೋ ದಿನದ ಮೇಲೆ ನನಗೆ ಹೇಳಿದಳು. ಅವಳಿಗೆ ರೋಗವಿರುವುದು ಡರ್ಬನ್ನಿನಲ್ಲೇ ಗೊತ್ತಾಗಿತ್ತು, ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಳು. ಟ್ಯಾಕ್ಸಿಯಲ್ಲಿ ಯಾರಾದರೂ ಓದಿಯಾರೆಂದು ಡಬ್ಬಿಗಳ ಚೀಟಿ ಕಿತ್ತುಹಾಕಿ ಚೀಲದ ತಳದಲ್ಲಿಟ್ಟು ತಂದಿದ್ದಳು. ಬಂದ ವಾರವೇ ತಾಯಿ ಚೀಲ ಜಾಲಾಡಿದಳು. ಹೆಸರಿಲ್ಲದ ಮಾತ್ರೆ, ಯಾರೋ ಮಗಳನ್ನು ವಶ ಮಾಡಿಕೊಳ್ಳಲು ಕೊಟ್ಟದ್ದಿರಬೇಕೆಂದು ಅಷ್ಟನ್ನೂ ಪಾಯಿಖಾನೆ ಗುಂಡಿಗೆ ಸುರಿದಳು. ಡುಡುವಿನ ಅಂಗೈಯಲ್ಲಿ ಕಂಡದ್ದು ಅದೇ ಮಾತ್ರೆ. ಹುಡುಗಿ ಬಾಯಿ ಬಿಡಲಿಲ್ಲ. ಊರಿನ ಕ್ಲಿನಿಕ್ಕಿನ ಸಾಲಿನಲ್ಲಿ ನಿಂತರೆ ಸಂಜೆಯೊಳಗೆ ತಾಯಿಯ ಕಿವಿಗೆ ಬೀಳುತ್ತದೆ ಎಂದು ಅಲ್ಲಿಗೂ ಹೋಗಲಿಲ್ಲ. ತಾಯಿ ತಿನ್ನಿಸಿದ್ದನ್ನು ತಿಂದುಕೊಂಡು ಮಲಗಿದ್ದಳು.

ಆ ಸಂಜೆ ಜೀಪು ಮಾಗುಮೇಡೆಯ ಬಾಗಿಲಿಗೇ ಬಂತು. ಊರೆಲ್ಲ ನೋಡಿತು. ಆಸ್ಪತ್ರೆಯಲ್ಲಿ ಹುಡುಗಿ ಸಾವಿನ ಬಾಯಿಂದ ಹೊರಬಂದಳು. ಮರಳಿ ಬಂದಾಗಲೂ ಕೋಲಿನಂತೆಯೇ ಇದ್ದಳು, ಆದರೆ ಕಣ್ಣಲ್ಲಿ ಜೀವವಿತ್ತು.

ಅವಳು ಬಂದ ಮಾರನೆಯ ಬೆಳಿಗ್ಗೆ ನನ್ನ ಗೇಟಿನ ಹೊರಗಿನಿಂದ ಯಾರೋ ಕರೆದರು. ಮಾಗುಮೇಡೆ. ಕೈಯಲ್ಲೊಂದು ಖಾಲಿ ಬಟ್ಟಲು.

"ಏನು, ಮನೆಗೆ ಬೆಂಕಿ ಹಚ್ಚೋಕೆ ಬಂದ್ಯಾ?" ಅಂದೆ.

"ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡ್ರೆ ವಾಂತಿ ಆಗುತ್ತಂತೆ" ಅಂದಳು.

"ಆಗುತ್ತೆ. ನಿನ್ನ ಮನೇಲಿ ಹಿಟ್ಟಿಲ್ವಾ?"

"ಮಾಡಿಟ್ಟಿದೀನಿ. ಅವಳು ಮುಟ್ತಾ ಇಲ್ಲ." ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಮಾತ್ರೆ ಸುರಿದ ನನ್ನ ಕೈಯಿಂದ ತಿನ್ನೋಕೆ ಭಯ ಅಂತಾಳೆ."

ಈ ದಿನಕ್ಕೆಂದೇ ನಾನು ತಿಂಗಳುಗಟ್ಟಲೆ ಮಾತು ಮಸೆದಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಬಟ್ಟಲು ಕಿತ್ತುಕೊಂಡು ಒಳಗೆ ಹೋಗಿ, ಒಲೆಯ ಮೇಲಿದ್ದ ಬಿಸಿ ಗಂಜಿ ತುಂಬಿ ತಂದು ಅವಳ ಮುಂದೆ ಚಾಚಿದೆ.

ಅವಳು ಕೈ ಮುಂದೆ ಮಾಡಲಿಲ್ಲ.

"ನೀನೇ ಕೊಟ್ಟು ಬಾ ಮಾಬಿಯೇಲ" ಅಂದಳು. "ನಾನು ಮುಟ್ಟಿದ್ದು ಕಂಡ್ರೆ ತಿನ್ನಲ್ಲ."

ನಾನು ಅವಳ ಅಂಗಳ ದಾಟಿ ಹಿತ್ತಲಿಗೆ ಹೋದೆ. ಅವಳು ನನ್ನ ಗೇಟಿನ ಹತ್ತಿರವೇ ನಿಂತಿದ್ದಳು.