ಮುನ್ನೂರ ತೊಂಬತ್ತೇಳು ಮಿಲಿಮೀಟರ್

ನೊಣವಿನಕೆರೆಗೆ ಹೋಗದೆ ಕಳೆದ ಭಾನುವಾರಗಳನ್ನು ದಿನಚರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಏಪ್ರಿಲ್ ಮೊದಲ ವಾರಕ್ಕೆ ಇಪ್ಪತ್ತಮೂರು ಗೀಟಾಗಿದ್ದವು. ಅದಕ್ಕೂ ಹಿಂದೆ ಎರಡು ವರ್ಷ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಅಲ್ಲಿನ ಗೆಳತಿಯ ಮನೆಗೆ ಹೋಗುತ್ತಿದ್ದೆ. ತಿಪಟೂರಿನಲ್ಲಿ ನನ್ನ ಜೊತೆ ಓದಿದವಳು. ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಅವಳ ಕಂಪ್ಯೂಟರಿನಲ್ಲಿ, ಇಬ್ಬರೂ ಸೇರಿ ಪುಟ್ಟ ಅನಿಮೇಷನ್ ಚಿತ್ರಗಳನ್ನು ಮಾಡುತ್ತಿದ್ದೆವು. ಹದಿನಾಲ್ಕು ಮುಗಿದಿದ್ದವು. ಹದಿನೈದನೆಯದು ಅರ್ಧವಾಗಿದ್ದಾಗ ಕಂಪ್ಯೂಟರ್ ಕೆಟ್ಟಿತು. ಅದೇ ಸಮಯಕ್ಕೆ ಅವಳಿಗೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ರಿಪೇರಿ ಮಾಡಿಸಲಿಲ್ಲ. ಬರಬೇಡ ಎಂದು ಅವಳು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರುವುದು ನನಗೆ ಬರುವುದಿಲ್ಲ.

ನನ್ನ ಕಂಪ್ಯೂಟರನ್ನೇ ಅಲ್ಲಿಗೆ ಹೊತ್ತುಕೊಂಡು ಹೋದರೆ ಕಾರಣವೊಂದು ಸಿಗುತ್ತದೆ ಎಂದುಕೊಂಡೆ.

ಹಾಗಾಗಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆ, ಬೇಕಿತ್ತು. ತೊಂದರೆ ಏನೆಂದರೆ ಅದರೊಳಗೆ ಕೂತು ಯಂತ್ರವನ್ನು ತಣ್ಣಗಿಡುವ ನನ್ನ ಕೂಲರ್ ದೊಡ್ಡದು. ನಾನಿರುವುದು ತಿಪಟೂರಿನಿಂದ ಹುಳಿಯಾರು ದಿಕ್ಕಿನ ಹಳ್ಳಿಯಲ್ಲಿ, ದೊಡ್ಡಮ್ಮನ ಮನೆಯ ಮಹಡಿಯ ಮೇಲೆ, ತಗಡು ಶೀಟಿನ ಮಾಡಿನ ಕೆಳಗೆ. ತುಮಕೂರಿನ ಎಂಜಿನಿಯರೊಬ್ಬರು ಕಳಿಸುವ ಮನೆಯ ನಕ್ಷೆಗಳನ್ನು ನಿಜದ ಮನೆಯಂತೆ ಕಾಣುವ ವಿಡಿಯೊಗಳಾಗಿ ಮಾಡಿಕೊಡುವುದು ನನ್ನ ಕೆಲಸ. ಒಂದೊಂದಕ್ಕೂ ಯಂತ್ರ ಆರೇಳು ಗಂಟೆ ಬೆವರಬೇಕು. ಮಾರ್ಚ್ ತಿಂಗಳೊಂದರಲ್ಲೇ ಅದು ಕಾವು ಹೆಚ್ಚಾಗಿ ಹತ್ತೊಂಬತ್ತು ಸಲ ತಾನಾಗಿಯೇ ಆರಿಹೋಗಿತ್ತು. ಅದಕ್ಕೇ ಮೂರು ಫ್ಯಾನಿನ ಲಿಕ್ವಿಡ್ ಕೂಲರ್ ತಂದಿದ್ದೆ. ಪೆಟ್ಟಿಗೆಯ ಮೇಲೆ 360 ಎಂದು ಬರೆದಿತ್ತು.

ಹನ್ನೊಂದು ಚಿಕ್ಕ ಕ್ಯಾಬಿನೆಟ್‌ಗಳ ಒಳ ಅಳತೆಯನ್ನು ದಿನಚರಿಯಲ್ಲಿ ಪಟ್ಟಿ ಮಾಡಿ, ಒಳಗೆ ಮುನ್ನೂರ ಎಂಬತ್ತು ಮಿಲಿಮೀಟರ್ ಉದ್ದವಿದ್ದ ಒಂದನ್ನು ತಿಪಟೂರಿನ ಅಂಗಡಿಯಿಂದ ತಂದೆ. ಇಪ್ಪತ್ತು ಮಿಲಿಮೀಟರ್ ಉಳಿಯುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಕೂಲರಿನ ಫ್ಯಾನುಗಳು ಕೂರುವ ರೇಡಿಯೇಟರ್ ಒಳಗೆ ಇಳಿಯಲೇ ಇಲ್ಲ. ಟೇಪು ಹಿಡಿದು ನೋಡಿದರೆ ಮುನ್ನೂರ ತೊಂಬತ್ತೇಳು! 360 ಎಂಬುದು ಬರೀ ಮೂರು ಫ್ಯಾನುಗಳ ಉದ್ದ. ಎರಡು ತುದಿಯಲ್ಲಿ ನೀರು ತಿರುಗುವ ತೊಟ್ಟಿಗಳು ಲೆಕ್ಕದಲ್ಲಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಕ್ಕರು.

"ಕೊಬ್ರಿ ಲೆಕ್ಕದಾಗೆ ಅಟ್ಟ ಕಟ್ಟಿಸ್ದಂಗಾಯ್ತು ಕಣೇ. ಅಟ್ಟಕ್ಕೆ ಏರ್ಸೋದು ಸಿಪ್ಪೆ ಕಾಯಿ. ಸಿಪ್ಪೆ ಸಮೇತ ಅಳೀಬೇಕು. ಕಾಯಿ ಮನೇಲಿ ಹುಟ್ಟಿ ಇಷ್ಟೂ ತಿಳೀದಾ?"

ಅದು ನಿಜ. ನಮ್ಮಲ್ಲಿ ಕಾಯಿ ದಪ್ಪವೋ ಸಣ್ಣವೋ ಎಂದು ಮಾತಾಡುವುದೆಲ್ಲ ಸುಲಿದ ಕಾಯಿಯದು. ನಾನೂ ಹಾಗೇ ತಿರುಳನ್ನಷ್ಟೇ ಅಳೆದಿದ್ದೆ.

ಮರುದಿನ ರಟ್ಟು ಕತ್ತರಿಸಿ ಕೂಲರಿನ ಪ್ರತಿರೂಪ ಮಾಡಿದೆ. ಉದ್ದ ಮುನ್ನೂರ ತೊಂಬತ್ತೇಳು, ಅಗಲ ನೂರಿಪ್ಪತ್ತು, ಫ್ಯಾನ್ ಸೇರಿ ದಪ್ಪ ಐವತ್ತೆರಡು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿಂದಿನ ದಿನ ತಂದ ಕ್ಯಾಬಿನೆಟ್ ಎತ್ತಿಕೊಂಡು ಅಂಗಡಿಗೆ ಹೋದೆ. ಬದಲಾಯಿಸಿ ಕೊಡಲು ಅಂಗಡಿಯವರು ಒಪ್ಪಿದರು.

"ಚಿಕ್ಕುದ್ ಬುಡಿ ಮೇಡಂ, ಈ ದೊಡ್ಡುದ್ ತಗಳಿ. ನಿಮ್ ಕೂಲರ್ ಇದ್ರಾಗೆ ಕಾಲು ಚಾಚ್ಕಂಡ್ ಮಲಗ್ತದೆ."

"ಬಸ್ಸಲ್ಲಿ ತಗೊಂಡು ಹೋಗ್ಬೇಕು."

"ಅದಕ್ಕೂ ಟಿಕೆಟ್ ತಗಸ್ತೀರಾ? ಹಾಫೋ, ಫುಲ್ಲೋ? ಲ್ಯಾಪ್‌ಟಾಪ್ ತಗಬಾರದೇನ್ರೀ!"

"ನನ್ನ ಕೆಲಸಕ್ಕೆ ಲ್ಯಾಪ್‌ಟಾಪ್ ತಡೆಯಲ್ಲ," ಎಂದು ರಟ್ಟನ್ನು ಒಂದೊಂದರಲ್ಲೂ ಇಟ್ಟು ನೋಡತೊಡಗಿದೆ. ನಾಲ್ಕನೆಯ ಚಿಕ್ಕ ಕ್ಯಾಬಿನೆಟ್‌ನಲ್ಲಿ ರೇಡಿಯೇಟರನ್ನು ಪಕ್ಕದ ಗೋಡೆಗೆ ಒರಗಿಸಿ ಕೂರಿಸುವ ಜಾಗವಿತ್ತು. ರಟ್ಟು ಒಳಗೆ ಇಳಿಯಿತು. ಮೂರು ಮಿಲಿಮೀಟರ್ ಉಳಿಯಿತು.

ಆ ಖುಷಿಯಲ್ಲಿ ಅಂಗಡಿಯ ಮೆಟ್ಟಿಲಿಗೆ ಬಂದು ಗೆಳತಿಗೆ ಫೋನ್ ಮಾಡಿದೆ.

"ಏನೇ, ಬದುಕಿದೀಯಾ?" ಅಂದಳು.

"ಕ್ಯಾಬಿನೆಟ್ ತಗೊಳೋಕೆ ಬಂದಿದೀನಿ ಕಣೇ. ದೊಡ್ಡದೂ ಐತೆ, ಚಿಕ್ಕದೂ ಐತೆ."

"ದೊಡ್ಡದೇ ತಗೊಳೇ, ಬಿಸಿ ಆಗಲ್ಲ. ಅದನ್ನೇನು ಹೊತ್ಕೊಂಡ್ ತಿರುಗ್ತೀಯಾ?"

"ನಿಮ್ಮನೆಗೆ ತರಾಣ ಅಂತಿದ್ದೆ."

"ನಮ್ಮನೆಗಾ? ಅಯ್ಯೋ, ಹಿಂದಿನ್ ಕೋಣೆಗೆ ತಾತ ಕಾಯಿ ತುಂಬಿಸ್ಬುಟ್ಟವ್ರೆ ಕಣೇ. ಅಟ್ಟದಾಗೆ ಜಾಗ ಸಾಲ್ಲಿಲ್ಲ. ಕಿಟಕಿ ಮಟ್ಟಕ್ಕೈತೆ."

"ಯಾವಾಗ ತುಂಬಿದ್ದು?"

"ಹೋದ್ ತಿಂಗ್ಳು. ನಿಂಗೆ ಹೇಳ್ಲಿಲ್ವಾ?" ಒಳಗಿನಿಂದ ಯಾರೋ ಅವಳನ್ನು ಕರೆದರು. "ಕಾಯಿ ತೆಗೆದ್ ಮೇಲೆ ನೋಡಾಣ ಬುಡು. ಬತ್ತೀನಿ ಕಣೇ."

ಅವಳು ಹೇಳಿರಲಿಲ್ಲ. ಕೊಬ್ಬರಿಗೆಂದು ಕೂಡಿಟ್ಟ ಕಾಯಿಯನ್ನು ಹನ್ನೊಂದು ತಿಂಗಳಾದರೂ ಯಾರೂ ಅಲುಗಿಸುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಅದು ಇದ್ದಲ್ಲೇ ಇರಬೇಕು. ಇದನ್ನು ನನಗೆ ಬಿಡಿಸಿ ಹೇಳಬೇಕಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮೇಜನ್ನು ಎಲ್ಲಿಗೆ ಸರಿಸಿದಿರಿ, ನಡುಮನೆಯಲ್ಲಿ ಕೂರಬಹುದಲ್ಲವೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವಳೂ ಹಾಗೆನ್ನಲಿಲ್ಲ.

"ಯಾವುದ್ ಕಟ್ಲಿ ಮೇಡಂ?" ಅಂಗಡಿಯವರು ಕೇಳಿದರು.

ಮನೆಯಲ್ಲೇ ಇರುವ ಯಂತ್ರಕ್ಕೆ ದೊಡ್ಡದೇ ಸರಿ. ಗಾಳಿ ಚೆನ್ನಾಗಿ ಆಡುತ್ತದೆ, ವೈರು ಜೋಡಿಸಲು ಸಲೀಸು. ಆದರೆ ಅದನ್ನು ಕಟ್ಟಿಸಿಕೊಂಡರೆ, ಹೊತ್ತು ತಿರುಗುವುದೇನಿದೆ ಎಂಬ ಅವಳ ಮಾತಿಗೆ ನಾನೂ ಹೂಂ ಅಂದಂತಾಗುತ್ತಿತ್ತು.

"ಚಿಕ್ಕದೇ ಕೊಡಿ," ಅಂದೆ.

ಜೋಡಿಸಲು ಎರಡು ದಿನ ಹಿಡಿಯಿತು. ಬೆರಳು ತೂರದ ಸಂದಿಯಲ್ಲಿ ಸ್ಕ್ರೂ ತಿರುಗಿಸಿ ಕೈಯಲ್ಲಿ ಐದು ಕಡೆ ಗೀರಾಯಿತು. ಕೂಲರಿನ ಪೈಪುಗಳನ್ನು ಕೆಳಮುಖವಾಗಿ ಬಾಗಿಸಿದ ಮೇಲೆ ಬಾಗಿಲು ಮುಚ್ಚಿಕೊಂಡಿತು. ಶನಿವಾರ ಆರು ಗಂಟೆಯ ಕೆಲಸ ಕೊಟ್ಟೆ. ಎಪ್ಪತ್ತೊಂದು ಡಿಗ್ರಿ ದಾಟಲಿಲ್ಲ, ಒಮ್ಮೆಯೂ ಆರಲಿಲ್ಲ. ಫೋಟೊ ತೆಗೆದೆ. ಯಾರಿಗೂ ಕಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ತೋಟಕ್ಕೆ ಹೋದ ಮೇಲೆ ಅದನ್ನು ಕೆಳಗೆ ತಂದು ಕೊಬ್ಬರಿ ತೂಗುವ ತಕ್ಕಡಿಯ ಮೇಲಿಟ್ಟೆ. ಹತ್ತು ಕಿಲೋ ನಾನೂರು ಗ್ರಾಂ. ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದೆ. ಬಸ್ ನಿಲ್ದಾಣದವರೆಗೂ ಹೊರಬಹುದಾದ ಭಾರವೇ. ತೂಕವನ್ನು ದಿನಚರಿಯಲ್ಲಿ ಬರೆದು, ಮತ್ತೆ ಮೆಟ್ಟಿಲು ಹತ್ತಿ, ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದೆ.